ಹಳೆಯ ಸರ್ವರೂ ಮನೆಯ ಭಂಡಾರವೂ

ಹಳೆಯದೆಂಬ ಒಂದೇ ಕಾರಣದಿಂದ ತಿರಸ್ಕಾರಕ್ಕೆ ಗುರಿಯಾಗುವ ವಸ್ತುಗಳಲ್ಲಿ ಗಣಕಯಂತ್ರಕ್ಕೆ ಮೊದಲ ಸ್ಥಾನವು ಸಲ್ಲುತ್ತದೆ. ಹತ್ತು ವರ್ಷ ಬಾಳಿದ ಬೀರುವನ್ನು ಯಾರೂ ಬೀದಿಗೆ ಎಸೆಯರು; ಅತ್ತೆಯ ಹೊಲಿಗೆಯ ಯಂತ್ರಕ್ಕೆ ಎಣ್ಣೆಹಾಕಿ ಸೊಸೆಯ ಕೈಗೊಪ್ಪಿಸುವ ಮನೆಗಳು ಇಂದಿಗೂ ಉಂಟು. ಅಂತಹ ಮನೆಯಲ್ಲಿಯೇ ಮಗನೋ ಮಗಳೋ ಎರಡು ಪ್ರೊಸೆಸರುಗಳುಳ್ಳ ಹಳೆಯ ಸರ್ವರೊಂದನ್ನು ತಂದು, ಕುಟುಂಬದ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಅದರಲ್ಲಿರಿಸಿ, ಮನೆಯ ಎಲ್ಲ ಫೋನುಗಳಿಗೂ ಅಲ್ಲಿಂದಲೇ ಒದಗಿಸುವೆನೆಂದರೆ, “ಗುಜರಿಗೆ ಹಣ ಸುರಿಯುವುದೇಕೆ? ಬಾಡಿಗೆ ಕೊಟ್ಟರೆ ಕಂಪನಿಯವರೇ ಎಲ್ಲವನ್ನೂ ಕಾಯುವರಲ್ಲ!” ಎಂದು ಹಿರಿಯರು ನಗುತ್ತಾರೆ. ಈ ನಗೆಯು ಅಭ್ಯಾಸದಿಂದ ಹುಟ್ಟಿದುದೇ ಹೊರತು ವಿಚಾರದಿಂದ ಹುಟ್ಟಿದುದಲ್ಲ.

ಮೊದಲನೆಯದಾಗಿ, ಆ ಯಂತ್ರವು ನಿಜವಾಗಿಯೂ ಗುಜರಿಯೆ? 2012ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಇಂಟೆಲ್ ಕಂಪನಿಯು ಜೀಯಾನ್ ಇ5-2670 ಎಂಬ ಪ್ರೊಸೆಸರನ್ನು ಹೊರತಂದಿತು. ಎಂಟು ಕೋರುಗಳುಳ್ಳ ಅದರ ಅಂದಿನ ಘೋಷಿತ ಬೆಲೆಯು 1,552 ಡಾಲರು. ದೊಡ್ಡ ಡೇಟಾ ಕೇಂದ್ರಗಳು ತಮ್ಮ ಯಂತ್ರಗಳನ್ನು ಬದಲಿಸತೊಡಗಿದ ಮೇಲೆ, 2016ರ ವೇಳೆಗೆ ಅದೇ ಪ್ರೊಸೆಸರು 100 ಡಾಲರಿಗಿಂತ ಕಡಮೆಗೆ ಬಿಕರಿಯಾಯಿತು. ಅಷ್ಟರೊಳಗೆ ಅದರ ಬಲವೇನು ಕುಗ್ಗಿದ್ದಿತೆ? ಇಲ್ಲ. ಸಾವಿರಾರು ಯಂತ್ರಗಳನ್ನು ಹಗಲಿರುಳು ದುಡಿಸುವವನಿಗೆ ವಿದ್ಯುತ್ತು, ತಂಪು, ಸ್ಥಳ, ದುರಸ್ತಿಯ ಕರಾರು ಇವುಗಳ ಖರ್ಚೇ ಮುಖ್ಯ. ಅವನ ಲೆಕ್ಕದಲ್ಲಿ ಹೊಸದರಿಂದ ಲಾಭವುಂಟು. ಆ ಲೆಕ್ಕವು ಮನೆಯ ಲೆಕ್ಕವಲ್ಲ. ವರ್ತಕನ ಖಾತೆಯನ್ನು ನೋಡಿ ಗೃಹಸ್ಥನು ತನ್ನ ಪಾತ್ರೆಗಳನ್ನು ಎಸೆಯುವುದುಂಟೆ?

ಎರಡನೆಯದಾಗಿ, ಭಂಡಾರಕ್ಕೆ ಬೇಕಾದ ಕೆಲವು ಗುಣಗಳು ಅಂಗಡಿಯ ಅಗ್ಗದ ಹೊಸ ಯಂತ್ರಕ್ಕಿಂತ ಈ ಹಳೆಯದರಲ್ಲಿಯೇ ಹೆಚ್ಚು. ಸರ್ವರಿನ ಮೆಮೊರಿಯು ಒಂದು ಬಿಟ್ಟು ಕೆಟ್ಟರೆ ತಾನೇ ತಿದ್ದಿಕೊಳ್ಳುತ್ತದೆ. ಎರಡು ಕೆಟ್ಟರೆ ಎಚ್ಚರಿಸುತ್ತದೆ. ಈ ಜಾತಿಯ ರಿಜಿಸ್ಟರ್ಡ್ ಮೆಮೊರಿಯು ಮನೆಗಳಲ್ಲಿರುವ ಸಾಮಾನ್ಯ ಗಣಕಗಳಿಗೆ ಹೊಂದದಾದುದರಿಂದ, ಹಳೆಯದಾದ ಮೇಲೆ ಅದಕ್ಕೆ ಗಿರಾಕಿಗಳು ವಿರಳ. 2005ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯು ಬಹಿರಂಗಪಡಿಸಿದ ಜೆಡ್‌ಎಫ್‌ಎಸ್ ಎಂಬ ವ್ಯವಸ್ಥೆಯು ಡಿಸ್ಕಿಗೆ ಬರೆದ ಪ್ರತಿಯೊಂದು ಭಾಗಕ್ಕೂ ತಾಳೆಯ ಅಂಕಿಯೊಂದನ್ನಿಟ್ಟು, ಓದುವಾಗ ಹೋಲಿಸಿ, ಕೆಟ್ಟುದನ್ನು ಜೊತೆಯ ಡಿಸ್ಕಿನಿಂದ ಸರಿಪಡಿಸುತ್ತದೆ. ಇಂದು ಅದೂ, ಅದನ್ನು ನಡೆಸುವ ಲಿನಕ್ಸೂ ಬೆಲೆಯಿಲ್ಲದೆ ದೊರೆಯುತ್ತವೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ನಿಂತುದರಿಂದ ಹಳೆಯ ಯಂತ್ರಗಳ ಆಯುಷ್ಯವೇ ತೀರಿತೆನ್ನುವವರು ಈ ಸಂಗತಿಯನ್ನು ಮರೆಯುತ್ತಾರೆ.

ಇನ್ನು ವಿರೋಧಿಗಳ ಮುಖ್ಯ ಆಕ್ಷೇಪವು ವಿದ್ಯುತ್ತಿನದು. ಇದನ್ನು ಹಾರಿಸಿಬಿಡುವುದು ಪ್ರಾಮಾಣಿಕತನವಲ್ಲ. ಮೇಲೆ ಹೇಳಿದ ಪ್ರೊಸೆಸರು ಒಂದಕ್ಕೆ 115 ವ್ಯಾಟು, ಎರಡಕ್ಕೆ 230. ಅದು ಪೂರ್ಣ ದುಡಿಮೆಯ ಮಾತು. ಸುಮ್ಮನಿರುವಾಗ ಯಂತ್ರವೆಲ್ಲ ಸೇರಿ 100 ವ್ಯಾಟು ಎಳೆಯುವುದೆಂದಿಟ್ಟುಕೊಂಡರೂ ದಿನವಿಡೀ ನಡೆದರೆ ವರ್ಷಕ್ಕೆ 876 ಯೂನಿಟ್ಟು; ಯೂನಿಟ್ಟಿಗೆ 7 ರೂಪಾಯಿಯಂತೆ 6,132 ರೂಪಾಯಿ. ಇದು ಅಲ್ಪವಲ್ಲ. ಆದರೆ ಮನೆಯ ಭಂಡಾರವು ಹಗಲಿರುಳು ತೆರೆದಿರಬೇಕೆಂದು ವಿಧಿಸಿದವರಾರು? ಸಂಜೆ 4 ಗಂಟೆಗಳ ಕಾಲ ನಡೆಸಿದರೆ ವರ್ಷಕ್ಕೆ 146 ಯೂನಿಟ್ಟು, 1,022 ರೂಪಾಯಿ. ಅಡುಗೆ ಮುಗಿದ ಮೇಲೆ ಒಲೆ ಆರಿಸಲು ಬಲ್ಲ ಮನೆಗೆ ಯಂತ್ರವನ್ನು ಆರಿಸಲು ಬಾರದೆ?

ಈ ಪಕ್ಷದ ಭಕ್ತರಿಗೂ ಒಂದೆರಡು ಕಠಿಣವಾದ ಮಾತುಗಳು ಸಲ್ಲತಕ್ಕವು. ಹದಿನಾರು ಕೋರುಗಳೆಂಬ ಸಂಖ್ಯೆಗೆ ಮರುಳಾಗಿ, ಗೋಡೆಯೇ ನಡುಗುವಂತೆ ಫ್ಯಾನು ಕೂಗುವ ಚಪ್ಪಟೆ ಸರ್ವರನ್ನು ಮಲಗುವ ಕೋಣೆಗೆ ತರುವುದು ಮಿತವ್ಯಯವಲ್ಲ, ಆಡಂಬರ. ಚಿತ್ರಗಳನ್ನು ಕಾಯಲು ಒಂದು ಪ್ರೊಸೆಸರೇ ಸಾಕು. ಇಂತಹ ಹಲವು ಬೋರ್ಡುಗಳು ಎರಡನೆಯ ಸ್ಥಾನವು ಖಾಲಿಯಿದ್ದರೂ ನಡೆಯುತ್ತವೆ, ಆ ಸ್ಥಾನಕ್ಕೆ ಸೇರಿದ ಮೆಮೊರಿಯ ಗೂಡುಗಳು ಮಾತ್ರ ಕೆಲಸಕ್ಕೆ ಬಾರವು. ಒಂದೇ ಯಂತ್ರದೊಳಗೆ ಹಲವು ಯಂತ್ರಗಳನ್ನು ಕಲ್ಪಿಸಿ ಕಲಿಯುವ ವಿದ್ಯಾರ್ಥಿಯು ಮನೆಯಲ್ಲಿದ್ದರೆ ಆಗ ಎರಡನೆಯದು ಬರಲಿ. ಅಂಥವನು ಇ5-2670ರ ಸಿ1 ಎಂಬ ಮೊದಲ ಆವೃತ್ತಿಯನ್ನು ಬಿಟ್ಟು ಸಿ2ವನ್ನೇ ಆರಿಸಬೇಕು. ಕಲ್ಪಿತ ಯಂತ್ರಕ್ಕೆ ನಿಜವಾದ ಉಪಕರಣವನ್ನು ನೇರವಾಗಿ ಒಪ್ಪಿಸುವ ಶಕ್ತಿಯಲ್ಲಿ ಸಿ1ಕ್ಕೆ ದೋಷವಿದ್ದಿತು. ಕಛೇರಿಗಳಿಂದ ಹೊರಬಿದ್ದ ಎಚ್‌ಪಿ ಜೆಡ್820, ಡೆಲ್ ಪ್ರಿಸಿಷನ್ ಟಿ7600ರಂತಹ ನೆಟ್ಟಗೆ ನಿಲ್ಲುವ ಯಂತ್ರಗಳು ಮನೆಗೆ ಹೆಚ್ಚು ಸೌಮ್ಯವಾದವು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಾಗಲಿ ಬೇರೆಲ್ಲಿಯಾಗಲಿ, ಕಣ್ಣೆದುರಿಗೆ ನಡೆಯಿಸಿ ನೋಡದೆ ಕೊಳ್ಳಬಾರದು. ಪೆಟ್ಟಿಗೆಯು ಹಳೆಯದಿರಲಿ, ಡಿಸ್ಕು ಹೊಸದಿರಲಿ. ಡಿಸ್ಕಿನಲ್ಲಿ ಮಿಗಿಸುವ ಕಾಸು ಮೊಮ್ಮಕ್ಕಳ ಪಾಲಿನ ನಷ್ಟ. ದೂರದಿಂದ ಯಂತ್ರವನ್ನು ಆಳಲು ಸರ್ವರುಗಳಲ್ಲಿರುವ ದ್ವಾರವನ್ನು ಅಂತರ್ಜಾಲಕ್ಕೆ ತೆರೆದಿಡುವುದಂತೂ ಬೀಗದ ಕೈಯನ್ನು ಹೊಸಿಲ ಮೇಲಿಟ್ಟಂತೆ.

ಕಂಪನಿಗಳೇ ಕಾಯುವುವೆಂಬ ನಂಬಿಕೆಯ ಗತಿಯೇನು? ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಚಿತ್ರಗಳನ್ನಿಡುವ ಸೌಕರ್ಯವು 2021ರ ಜೂನ್ 1ರಿಂದ ಹೊಸ ಚಿತ್ರಗಳಿಗೆ ನಿಂತಿತು. ಅಮೆರಿಕದ ಜಿಯೋಸಿಟೀಸ್‌ನಲ್ಲಿ ಜನರು ಕಟ್ಟಿದ್ದ ಅಸಂಖ್ಯಾತ ಪುಟಗಳು 2009ರಲ್ಲಿ ಯಾಹೂ ಬಾಗಿಲು ಮುಚ್ಚಿದಾಗ ಅಲ್ಲಿಂದ ಮರೆಯಾದುವು. ಇದರಲ್ಲಿ ಅಧರ್ಮವೇನೂ ಇಲ್ಲ. ಛತ್ರದ ಯಜಮಾನನಿಗೆ ಛತ್ರವನ್ನು ಮುಚ್ಚುವ ಅಧಿಕಾರವುಂಟು. ಛತ್ರವನ್ನೇ ಸ್ವಂತ ಮನೆಯೆಂದು ಬಗೆದವನದು ತಪ್ಪು. ಬಾಡಿಗೆಯ ಸ್ಥಳದಲ್ಲಿ ಒಂದು ಪ್ರತಿಯಿರಲಿ; ಮೂಲವು ಮನೆಯಲ್ಲಿರತಕ್ಕದ್ದು.

ಮನೆಯಲ್ಲಿಯೂ ಸಿಡಿಲು, ನೀರು, ಕಳವು ಇವುಗಳ ಭಯವುಂಟೆಂಬುದು ನಿಜ. ಜೋಡಿ ಡಿಸ್ಕುಗಳಿವೆಯೆಂದು ನಿಶ್ಚಿಂತೆಯಿಂದಿರುವುದು ಮೌಢ್ಯ. ಒಂದೇ ಪೆಟ್ಟಿಗೆಯಲ್ಲಿರುವ ಎರಡೂ ಒಂದೇ ಸಿಡಿಲಿಗೆ ಬಲಿಯಾಗುವುವು. ಪರಿಹಾರವನ್ನು ಕನ್ನಡನಾಡಿನ ಹಿರಿಯರು ಬಲ್ಲವರಾಗಿದ್ದರು. ಓಲೆಗರಿಯು ಹುಳುವಿಗೂ ತೇವಕ್ಕೂ ಈಡಾಗುವ ವಸ್ತು. ಆದರೂ ಹಳೆಯ ಕಾವ್ಯಗಳು ಉಳಿದುದು, ಒಂದು ಪ್ರತಿ ಜೀರ್ಣವಾಗುವ ಮೊದಲೇ ಮತ್ತೊಬ್ಬನು ಮತ್ತೊಂದೂರಿನಲ್ಲಿ ಅದನ್ನು ಪ್ರತಿಮಾಡಿಕೊಂಡುದರಿಂದ. ಹಾಗೆಯೇ ತಿಂಗಳಿಗೊಮ್ಮೆ ಒಂದು ಡಿಸ್ಕಿಗೆ ಪ್ರತಿಯೆತ್ತಿ, ಸೋದರಮಾವನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇರಿಸಿದರಾಯಿತು.

ಆದುದರಿಂದ ವಿವಾದವು ಹಳೆಯ ಯಂತ್ರಕ್ಕೂ ಹೊಸ ಯಂತ್ರಕ್ಕೂ ಅಲ್ಲ. ಅಜ್ಜಿಯ ಧ್ವನಿ, ಮದುವೆಯ ಚಿತ್ರ, ಜಮೀನಿನ ಪತ್ರ ಇವುಗಳ ಕಾವಲು ಯಾರದೆಂಬುದೇ ಪ್ರಶ್ನೆ. ಅದು ಮನೆಯವರದೆಂದು ಒಪ್ಪುವವರು, ಬೇರೊಬ್ಬರು ಸಾಕೆಂದು ಬಿಟ್ಟ ಯಂತ್ರದಿಂದ ಆ ಕೆಲಸವನ್ನು ಆರಂಭಿಸಲು ನಾಚಬೇಕಾದುದಿಲ್ಲ.