ತಾಯಿಯನ್ನು ಹೊರಗೆ ಕೂರಿಸುವ ಚಿಕಿತ್ಸೆ ನಿಲ್ಲಲಿ

ಮಾತು ಬಾರದ ಎರಡು ವರ್ಷದ ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುವುದು, ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸುವುದು, ಮುಕ್ಕಾಲು ಗಂಟೆ ಕಳೆದ ಮೇಲೆ ಮಗುವನ್ನೂ ರಸೀದಿಯನ್ನೂ ಕೈಗಿಡುವುದು: ನಮ್ಮ ನಗರಗಳ ಎಷ್ಟೋ ಸ್ಪೀಚ್ ಥೆರಪಿ ಕೇಂದ್ರಗಳಲ್ಲಿ ಇದೇ ಪದ್ಧತಿ. ಇದು ತಪ್ಪು. ಹೊರಡುವಾಗ ‘ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಒಂದನ್ನೇ ಮಾತಾಡಿ’ ಎಂದು ಹೇಳಿ ಕಳಿಸುವುದು ಅದಕ್ಕಿಂತ ದೊಡ್ಡ ತಪ್ಪು.

ವಾರಕ್ಕೆರಡು ಸಲ ಮುಕ್ಕಾಲು ಗಂಟೆಯ ಥೆರಪಿಯಿಂದಷ್ಟೇ ಮಗು ಮಾತು ಕಲಿಯುವುದಿಲ್ಲ. ಸ್ನಾನ, ಊಟ, ಬಟ್ಟೆ ತೊಡಿಸುವ ಹೊತ್ತು, ಇವೆಲ್ಲ ಮಾತಿನ ಪಾಠವಾಗಬೇಕು. ಬಲ್ಲ ಚಿಕಿತ್ಸಕಿ ನೆಲದ ಮೇಲೆ ಮಗುವಿನ ಎದುರು ಕೂರುತ್ತಾಳೆ. ಮಗುವಿನ ಕಣ್ಣು ಚೆಂಡಿನ ಮೇಲಿದ್ದರೆ ತಾನೂ ಚೆಂಡನ್ನೇ ಎತ್ತಿಕೊಳ್ಳುತ್ತಾಳೆ. ‘ಹೇಳು, ಹೇಳು’ ಎಂದು ಪೀಡಿಸದೆ ಸುಮ್ಮನೆ ಕಾಯುತ್ತಾಳೆ. ಮಗು ‘ಚೆಂ’ ಎಂದರೆ ಸಾಕು, ‘ಚೆಂಡು ಬೇಕಾ? ತಗೋ ಚೆಂಡು’ ಎಂದು ಆ ಅರೆಮಾತನ್ನು ತುಂಬಿಕೊಡುತ್ತಾಳೆ. ಆಮೇಲೆ ಅದೇ ಚೆಂಡನ್ನು ತಾಯಿಯ ಕೈಗಿಟ್ಟು, ‘ಈಗ ನೀವು ಮಾಡಿಯಮ್ಮ, ನಾನು ನೋಡ್ತೀನಿ’ ಎನ್ನುತ್ತಾಳೆ. ತಾಯಿ ಅವಸರಪಟ್ಟರೆ ತಿದ್ದುತ್ತಾಳೆ. ಚಿಕಿತ್ಸೆಯ ತಿರುಳು ಇರುವುದೇ ಇಲ್ಲಿ. ಬಾಗಿಲು ಹಾಕಿದ ಕೋಣೆಯಲ್ಲಿ ಇದು ನಡೆಯುವಂತೆಯೇ ಇಲ್ಲ.

ಇನ್ನು ಭಾಷೆಯ ಮಾತು. ಎರಡು ಭಾಷೆ ಕಿವಿಗೆ ಬೀಳುವುದರಿಂದ ಮಗುವಿನ ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳ ವಿಷಯದಲ್ಲೂ ಅಧ್ಯಯನಗಳು ಹೇಳುವುದು ಇದನ್ನೇ. ಅಜ್ಜಿ ಕನ್ನಡದಲ್ಲೇ ಕರೆಯುವ, ತಾಯಿ ಕನ್ನಡದಲ್ಲೇ ಮುದ್ದು ಮಾಡುವ ಮನೆಯಲ್ಲಿ ಕನ್ನಡ ಬಿಡಿಸಿದರೆ, ತಡವರಿಸುವ ಇಂಗ್ಲಿಷಿನ ನಾಲ್ಕು ಆಜ್ಞೆಗಳಷ್ಟೇ ಮಗುವಿಗೆ ಉಳಿಯುತ್ತವೆ. ಪರೀಕ್ಷೆಯೂ ಮನೆಮಾತಿನಲ್ಲೇ ಆಗಬೇಕು. ‘ಮನೆಗೆ’, ‘ಮನೇಲಿ’ ಎನ್ನುವಾಗ ಮಗು ಪ್ರತ್ಯಯ ಹಚ್ಚುತ್ತದೆಯೇ, ಳ–ಣಗಳು ಬಂದಿವೆಯೇ ಎಂಬುದನ್ನು ಇಂಗ್ಲಿಷ್ ಚಿತ್ರಪುಸ್ತಕ ತೋರಿಸಲಾರದು. ವಾಕ್ ಮತ್ತು ಶ್ರವಣಕ್ಕೆಂದೇ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಸಂಸ್ಥೆ ಮೈಸೂರಿನಲ್ಲಿದೆ. ಕನ್ನಡದ ಉಚ್ಚಾರಣಾ ಪರೀಕ್ಷೆ 1972ರಷ್ಟು ಹಿಂದೆಯೇ ಸಿದ್ಧವಾಗಿದೆ. ಸಾಧನವಿಲ್ಲ ಎಂಬ ನೆಪ ಈ ರಾಜ್ಯದಲ್ಲಿ ಸಲ್ಲದು.

ಕಿವಿ ಪರೀಕ್ಷೆ ಮಾಡಿಸದೆ ಥೆರಪಿ ಶುರು ಮಾಡುವವರನ್ನಂತೂ ಕ್ಷಮಿಸಲಾಗದು. ಒಳಗಿವಿಯ ಸ್ಪಂದನ ನೋಡುವ ಒಎಇ, ಅಗತ್ಯವಿದ್ದರೆ ಶ್ರವಣನರದ ಸ್ಪಂದನ ನೋಡುವ ಬೆರಾ ಪರೀಕ್ಷೆ ಮೊದಲು, ಮಿಕ್ಕದ್ದು ಆಮೇಲೆ. ಪೀಪಿ ಊದಿಸುವುದು, ಮೋಂಬತ್ತಿ ಆರಿಸುವುದು, ನಾಲಿಗೆಗೆ ಕಸರತ್ತು ಮಾಡಿಸುವುದು, ಇವುಗಳಿಂದ ಉಚ್ಚಾರಣೆ ಸರಿಹೋಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಶುಲ್ಕ ಪಡೆಯುವುದು ಅನ್ಯಾಯ.

ಮನೆಯವರದೂ ತಪ್ಪಿದೆ. ‘ಗಂಡುಮಗು, ನಿಧಾನಕ್ಕೆ ಮಾತಾಡ್ತಾನೆ ಬಿಡಿ’ ಎಂದು ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾ ಮೂರು ವರ್ಷ ತುಂಬಿಸುತ್ತಾರೆ. ಒಂದೂವರೆ ವರ್ಷಕ್ಕೆ ಒಂದೂ ಪದವಿಲ್ಲದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂದು ಎರಡು ಪದ ಕೂಡಿಸದಿದ್ದರೆ ತೋರಿಸಲೇಬೇಕು. ಕಾದು ನೋಡಿ ಎಂದು ಸಾಗಹಾಕುವ ವೈದ್ಯರಿಗೂ ಈ ಮಾತು ಸೇರಿದ್ದು.

ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಸ್ಪೀಚ್ ಥೆರಪಿ ವೃತ್ತಿ ನಡೆಸುವುದು ಅಪರಾಧ. ಒಂದು ವರ್ಷದವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಯ್ದೆ ಕಡತದಲ್ಲಿ ಮಲಗಿರಲು ಆರೋಗ್ಯ ಇಲಾಖೆ ಬಿಡಬಾರದು. ನೋಂದಣಿ ಸಂಖ್ಯೆಯನ್ನು ಫಲಕದಲ್ಲಿ ಹಾಕದ, ಮೂರು ತಿಂಗಳ ಗುರಿಯನ್ನು ಕನ್ನಡದಲ್ಲಿ ಬರೆದುಕೊಡದ, ತಾಯಿತಂದೆಗೆ ಒಳಗೆ ಜಾಗ ಕೊಡದ ಕೇಂದ್ರಗಳಿಗೆ ಪ್ರತಿ ಜಿಲ್ಲೆಯಲ್ಲೂ ನೋಟಿಸ್ ಹೋಗಬೇಕು. ನೋಟಿಸಿಗೂ ಬಗ್ಗದವರ ಕೇಂದ್ರಗಳಿಗೆ ಬೀಗ ಬೀಳಬೇಕು.