ಔಷಧಿಯೆಂಬ ವಿಷ, ಆಸ್ಪತ್ರೆಗೆ ಮುಂಚಿನ ಅರ್ಧ ಗಂಟೆ

ಕಬ್ಬು, ಭತ್ತ, ರೇಷ್ಮೆಗಳನ್ನು ನೆಚ್ಚಿಕೊಂಡಿರುವ, ಚಾಮರಾಜನಗರ ಜಿಲ್ಲೆಯ ಕುಂತೂರು ಸೀಮೆಯ ಆಡುಮಾತಿನಲ್ಲಿ ಜ್ವರಕ್ಕೆ ನುಂಗುವ ಗುಳಿಗೆಗೂ ಬೆಳೆಗೆ ಹೊಡೆಯುವ ಕೀಟನಾಶಕಕ್ಕೂ ಔಷಧಿ ಎಂಬ ಒಂದೇ ಹೆಸರಿದ್ದು, ಹೆಸರು ಹಂಚಿಕೊಂಡ ಈ ಎರಡು ವಸ್ತುಗಳು ಎಷ್ಟೋ ಮನೆಗಳಲ್ಲಿ ಒಂದೇ ಗೂಡನ್ನೂ ಹಂಚಿಕೊಂಡಿರುತ್ತವೆ. ಅಂಗಡಿಯಿಂದ ತಂದ ಲೀಟರ್ ಡಬ್ಬಿಯಲ್ಲಿ ಉಳಿದದ್ದನ್ನು ತಂಪುಪಾನೀಯದ ಖಾಲಿ ಬಾಟಲಿಗೆ ಸುರಿದಿಟ್ಟಾಗ ಡಬ್ಬಿಯ ಮೇಲಿದ್ದ ಕೆಂಪು ತ್ರಿಕೋನ, ಅಂದರೆ ಅದು ಅತಿ ವಿಷಕಾರಿ ಎಂದು ಸಾರುವ ಕಾನೂನುಬದ್ಧ ಗುರುತು, ತಿಪ್ಪೆ ಸೇರುತ್ತದೆ. ಮನೆಯ ಸುರಕ್ಷತೆ ಕಳಚಿಕೊಳ್ಳುವ ಮೊದಲ ಕೊಂಡಿ ಅದು.

ಆ ವಿಷದ ಬಲವನ್ನು ಈ ಭಾಗದವರಿಗೆ ಬೇರೆ ಊರಿನ ಉದಾಹರಣೆಯಿಂದ ವಿವರಿಸಬೇಕಾದ ಅಗತ್ಯವಿಲ್ಲ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆಸಿದ ಪ್ರಸಾದವನ್ನು ತಿಂದು 17 ಮಂದಿ ಸತ್ತು, ನೂರಕ್ಕೂ ಹೆಚ್ಚು ಮಂದಿ ಕಾಮಗೆರೆ, ಕೊಳ್ಳೇಗಾಲ, ಮೈಸೂರಿನ ಆಸ್ಪತ್ರೆಗಳ ಪಾಲಾದರು. ಪತ್ತೆಯಾದದ್ದು ಮಾನೊಕ್ರೊಟೊಫಾಸ್, ಐದು ವರ್ಷ ಮೊದಲು, 2013ರ ಜುಲೈನಲ್ಲಿ, ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳನ್ನು ಕೊಂದದ್ದೂ ಇದೇ. ಸುಳ್ವಾಡಿಯದು ಅಪರಾಧವೆಂದೂ ಬಿಹಾರದ್ದು ಅಜಾಗರೂಕತೆಯೆಂದೂ ನ್ಯಾಯಾಲಯಗಳು ಬೇರೆಬೇರೆಯಾಗಿ ತೂಗಬಹುದು, ದೇಹಕ್ಕೆ ಆ ಭೇದವಿಲ್ಲ. ಆರ್ಗನೊಫಾಸ್ಫೇಟ್ ಎಂಬ ಗುಂಪಿಗೆ ಸೇರಿದ ಈ ರಾಸಾಯನಿಕವು ನರಗಳ ಸಂದೇಶವನ್ನು ಸಕಾಲಕ್ಕೆ ನಿಲ್ಲಿಸುವ ಕಿಣ್ವವನ್ನು ಕಟ್ಟಿಹಾಕುವುದರಿಂದ ಜೊಲ್ಲು, ಬೆವರು, ವಾಂತಿ, ಭೇದಿ ಒಟ್ಟಿಗೆ ಶುರುವಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಅಟ್ರೊಪಿನ್ ಎಂಬ ಪ್ರತಿವಿಷವೂ ವೆಂಟಿಲೇಟರಿನ ಆಸರೆಯೂ ಇದ್ದರೆ ಅನೇಕರು ಬದುಕುತ್ತಾರಾದರೂ, ತಿಂದದ್ದು ಯಾವ ವಿಷವೆಂಬುದು ವೈದ್ಯರಿಗೆ ಬೇಗ ತಿಳಿಯಬೇಕು. ಆದ್ದರಿಂದ ರೋಗಿಯ ಜೊತೆಗೆ ವಿಷದ ಡಬ್ಬಿಯನ್ನೂ ಕೊಂಡೊಯ್ಯುವುದು, ಮೈಗೆ ತಗುಲಿದ್ದರೆ ಬಟ್ಟೆ ಕಳಚಿ ಸೋಪು ನೀರಿನಲ್ಲಿ ತೊಳೆಯುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ರೂಢಿಯನ್ನು ಬಿಡುವುದು ಮನೆಯವರ ಪಾಲಿನ ಚಿಕಿತ್ಸೆಯಾಗುತ್ತದೆ. ವಾಂತಿ ಮಾಡಿಸಿದಾಗ ವಿಷ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುವುದೇ ಈ ಕೊನೆಯ ಎಚ್ಚರಿಕೆಗೆ ಕಾರಣ.

ಹಾವು ಕಡಿತದ ಮಾತೂ ಇದರ ಪಕ್ಕದಲ್ಲೇ ಬರಬೇಕು. ರಾತ್ರಿ ಪಾಳಿಯ ಕರೆಂಟಿಗೆ ಕಾದು ಕಬ್ಬಿಗೆ ನೀರು ಕಟ್ಟುವ ರೈತನಿಗೂ ನೆಲದ ಮೇಲೆ ಚಾಪೆ ಹಾಸಿ ಮಲಗುವ ಕೂಲಿಯವನಿಗೂ ಎದುರಾಗುವ ಈ ಅಪಾಯವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದ್ದು, ಅದರಂತೆ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾಗಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಮಿಶ್ರ ಪ್ರತಿವಿಷ ಇರುವುದರಿಂದ ಹಾವನ್ನು ಹುಡುಕಿ ಹೊಡೆದು ತರಬೇಕಾಗಿಲ್ಲ; ಕಟ್ಟುಹಾವಿನ ಕಡಿತವಂತೂ ನೋವನ್ನೇ ಕೊಡದೆ, ಬೆಳಗಿನ ಹೊಟ್ಟೆನೋವಾಗಿ, ಮುಚ್ಚಿಬರುವ ರೆಪ್ಪೆಯಾಗಿ ಕಾಣಿಸಿಕೊಳ್ಳುವುದುಂಟು. ಕಡಿದ ಕಾಲನ್ನು ಅಲುಗಾಡದಂತೆ ದಬ್ಬೆ ಕಟ್ಟಿ ಇರಿಸಬೇಕೇ ಹೊರತು ರಕ್ತ ನಿಲ್ಲುವಷ್ಟು ಬಿಗಿಯಾಗಿ ಹಗ್ಗ ಬಿಗಿಯುವುದಾಗಲಿ, ಬ್ಲೇಡಿನಿಂದ ಕೊಯ್ಯುವುದಾಗಲಿ ಕೂಡದು. ಮಂತ್ರಕ್ಕೆ ನಾಡಿನಾದ್ಯಂತ ಹೆಸರಾದ ಕೊಳ್ಳೇಗಾಲದ ಮಗ್ಗುಲಲ್ಲಿ ಇದನ್ನು ಹೇಳುವುದು ವಿಚಿತ್ರವೆನಿಸಬಹುದು, ಆದರೆ ವಿಷವಿಲ್ಲದ ಕಡಿತಗಳೇ ಮಂತ್ರವಾದಿಯ ಕೀರ್ತಿಯನ್ನು ಬೆಳೆಸಿವೆ.

ಆಸ್ಪತ್ರೆ ತಲುಪಿದ ಮಾತ್ರಕ್ಕೆ ದಾರಿ ಮುಗಿಯಿತೆನ್ನಲಾಗದು ಎಂಬುದನ್ನು ಇದೇ ಜಿಲ್ಲೆ ಬಲು ದುಬಾರಿ ಬೆಲೆ ತೆತ್ತು ಕಲಿತಿದೆ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಬರಿದಾದಾಗ ಸತ್ತವರು 24 ಮಂದಿ ಎಂದು ಮೊದಲು ಹೇಳಲಾಯಿತು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂಬ ವಿವರಣೆ ಸರ್ಕಾರದಿಂದ ಬಂತು. ಹೈಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಅವರ ಸಮಿತಿ ಆ ಸಂಖ್ಯೆಯನ್ನು 36 ಎಂದಿತು. ಅಲ್ಲಿ ಕೊರತೆಯಾದದ್ದು ಸಿಲಿಂಡರಿನಷ್ಟೇ ಲೆಕ್ಕವೂ ಹೌದು: ಇರುವುದು ಎಷ್ಟು, ಎಷ್ಟು ಹೊತ್ತಿಗೆ ಸಾಲುತ್ತದೆ, ಮುಂದಿನದು ಎಲ್ಲಿಂದ ಬರಬೇಕು ಎಂಬುದನ್ನು ಮೊದಲೇ ಕೂಡಿ ಕಳೆದಿಡುವ ಶಿಸ್ತು.

ಅದೇ ಲೆಕ್ಕವನ್ನು ಒಂದು ಕುಟುಂಬವೂ ಹಾಕಬೇಕು. 2008ರಿಂದ ಓಡುತ್ತಿರುವ 108 ಆಂಬುಲೆನ್ಸ್ ಬಯಲಿನ ಹಳ್ಳಿಗಳಿಗೆ ದೊಡ್ಡ ಆಸರೆಯಾದರೂ, ರೋಗಿಯನ್ನು ಡೋಲಿಯಲ್ಲಿ ಹೊತ್ತು ತರುವ ಮಹದೇಶ್ವರ ಬೆಟ್ಟದ ಕಾಡಂಚಿನ ಊರುಗಳಿಗೆ ಅದೊಂದು ಸಂಖ್ಯೆ ಮಾತ್ರ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ದಾಸ್ತಾನಿದೆ, ಎಲ್ಲಿ ಇಸಿಜಿ ತೆಗೆದು ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ರಕ್ತ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ, ನಡುರಾತ್ರಿ ಯಾರ ಮನೆಯ ವಾಹನ ಹೊರಡಬಲ್ಲದು ಎಂಬ ಮೂರು ಸಾಲುಗಳು ಬಾಗಿಲ ಹಿಂದೆ ಬರೆದಿದ್ದರೆ ಅದು ಬ್ಯಾಂಡೇಜು ತುಂಬಿದ ಪೆಟ್ಟಿಗೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೆಲಸದ ಜಾಗಗಳಲ್ಲಿ ಪೆಟ್ಟಿಗೆಯನ್ನಾದರೂ ಕಾನೂನು ಕೇಳಿದೆ. 1948ರ ಕಾರ್ಖಾನೆ ಕಾಯ್ದೆಯ 45ನೇ ಸೆಕ್ಷನ್ 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ, ಅದನ್ನು ನೋಡಿಕೊಳ್ಳಲು ತರಬೇತಾದ ವ್ಯಕ್ತಿಯನ್ನೂ, 500ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಆಂಬುಲೆನ್ಸ್ ಕೊಠಡಿಯನ್ನೂ ಕಡ್ಡಾಯ ಮಾಡಿತು. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿದು, ಹೊರೆ ಕಟ್ಟಿ, ಲಾರಿಗೆ ತುಂಬುವ ಆಳುಗಳು ಮಚ್ಚಿನ ಗಾಯಕ್ಕೂ ಬಿಸಿಲಿನ ಹೊಡೆತಕ್ಕೂ ಹಾವಿಗೂ ಹೆಚ್ಚು ಹತ್ತಿರವಿದ್ದು ದುಡಿಯುವುದು ಗೇಟಿನ ಹೊರಗೆ. ಆ ಗದ್ದೆಗಳಿಗೆ ಒಂದೇ ಒಂದು ಪೆಟ್ಟಿಗೆಯನ್ನೂ ಆ ಕಾಯ್ದೆ ಕೇಳಲಿಲ್ಲ.