ಹಳೆಯ ನೆಲಮಾಳಿಗೆ ಆಟಗಳು: ಹೊಸಬರ ಆಯ್ಕೆ ಯಾವುದು?

ಆಟಗಾರನ ಕಣ್ಣೆದುರೇ ಕತ್ತಲ ಹಾದಿ ತೆರೆದುಕೊಳ್ಳುವ ಹಳೆಯ 'ಡಂಜನ್ ಕ್ರಾಲರ್' ಕಂಪ್ಯೂಟರ್ ಆಟಗಳತ್ತ ಹೊರಳುವ ಹೊಸಬರು ಖ್ಯಾತಿಯೊಂದನ್ನೇ ನಂಬಿದರೆ ನಿರಾಸೆಗೊಳ್ಳುವ ಸಂಭವವೇ ಹೆಚ್ಚು. ಆಯ್ಕೆಗೆ ಮಾನದಂಡವಾಗಬೇಕಾದುದು ಆಟ ಬೇಡುವ ತಾಳ್ಮೆ.

1981ರ 'ವಿಜರ್ಡ್ರಿ'ಯಲ್ಲಿ ಕಾದಾಟ ಸರದಿಯಂತೆ ನಡೆಯುವುದರಿಂದ ಯೋಚಿಸಲು ಸಮಯವುಂಟು. ಆದರೆ ನಕ್ಷೆಯನ್ನು ಆಟಗಾರನೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಮಡಿದ ಪಾತ್ರವನ್ನು ಬದುಕಿಸುವ ಯತ್ನ ಎರಡು ಬಾರಿ ವಿಫಲವಾದರೆ ಅದು ಶಾಶ್ವತವಾಗಿ ಕೈತಪ್ಪುತ್ತದೆ. 1987ರ 'ಡಂಜನ್ ಮಾಸ್ಟರ್'ನಲ್ಲಿ ಶತ್ರು ಕಾಯುವುದೇ ಇಲ್ಲ. ಅದೇ ಜಾಡಿನ 2012ರ 'ಲೆಜೆಂಡ್ ಆಫ್ ಗ್ರಿಮ್‌ರಾಕ್' ನಕ್ಷೆಯನ್ನು ತಾನೇ ಬರೆದುಕೊಡುತ್ತದೆ. 2024ರಲ್ಲಿ ಪೂರ್ಣರೂಪದಲ್ಲಿ ಹೊರಬಂದ 'ವಿಜರ್ಡ್ರಿ'ಯ ಮರುನಿರ್ಮಾಣವು ಹಳೆಯ ಕಠಿಣ ನಿಯಮಗಳನ್ನು ಸಡಿಲಿಸಿಕೊಳ್ಳುವ ಅವಕಾಶ ಕಲ್ಪಿಸಿದೆ.

ಸಾವಧಾನದ ಆಟ ಬಯಸುವವರು ಈ ಮರುನಿರ್ಮಾಣದಿಂದ, ಚುರುಕು ಬಯಸುವವರು 'ಗ್ರಿಮ್‌ರಾಕ್'ನಿಂದ ಆರಂಭಿಸುವುದು ಲೇಸು. ಮೂಲಕೃತಿಗಳ ರುಚಿ ಹತ್ತುವುದು ಆ ಬಳಿಕವೇ.